ಹಲ್ಲುಗಳ ನಡುವಿನ ಜಾಗ

ಸ್ಕ್ರೋಲ್ ಸಾ ಯಂತ್ರದ ಬ್ಲೇಡನ್ನು ಮೊದಲ ಸಲ ನೋಡಿದವರಿಗೆ ಇದು ಮರ ಕೊಯ್ಯುತ್ತದೆಯೇ ಎಂದು ಅನುಮಾನ ಬರುವುದು ಸಹಜ. ಉದ್ದ 5 ಇಂಚು. ಹೆಚ್ಚು ಬಳಕೆಯಲ್ಲಿರುವ 5ನೇ ನಂಬರಿನ ಬ್ಲೇಡಿನ ಅಗಲ ಒಂದು ಮಿಲಿಮೀಟರಿಗೂ ಕೊಂಚ ಕಡಿಮೆ, ದಪ್ಪ ಸುಮಾರು 0.4 ಮಿ.ಮೀ. ಯಂತ್ರ ಇದರ ಎರಡೂ ತುದಿಗಳನ್ನು ಬಿಗಿಯಾಗಿ ಹಿಡಿದು ಮೇಲೆ ಕೆಳಗೆ ಆಡಿಸುತ್ತದೆ. ಅನೇಕ ಯಂತ್ರಗಳಲ್ಲಿ ಈ ಓಡಾಟ ಸುಮಾರು 19 ಮಿ.ಮೀ.ನಷ್ಟು, ನಿಮಿಷಕ್ಕೆ ಸಾವಿರದೈನೂರಕ್ಕೂ ಹೆಚ್ಚು ಸಲ. ಬ್ಲೇಡು ನಿಂತಲ್ಲೇ ಇರುತ್ತದೆ, ಹಲಗೆಯನ್ನು ನಾವು ತಿರುಗಿಸುತ್ತ ಹೋಗಬೇಕು.

ಹೊಸಬರು ಅಂಗಡಿಗೆ ಹೋದಾಗ ಸಾಮಾನ್ಯವಾಗಿ ಒಂದೇ ಲೆಕ್ಕ ಇಟ್ಟುಕೊಂಡಿರುತ್ತಾರೆ: ಕೆಲಸ ನಾಜೂಕಾಗಬೇಕಾದರೆ ಬ್ಲೇಡು ಸಣ್ಣದಿರಬೇಕು, ಹಲ್ಲು ಒತ್ತೊತ್ತಾಗಿರಬೇಕು. ಈ ಲೆಕ್ಕ ಅರ್ಧ ಮಾತ್ರ ಸರಿ. ಬ್ಲೇಡು ಆರಿಸುವಾಗ ಹಲ್ಲಿಗಿಂತ ಹೆಚ್ಚಾಗಿ ನೋಡಬೇಕಾದದ್ದು ಎರಡು ಹಲ್ಲುಗಳ ನಡುವಿನ ಜಾಗವನ್ನು.

ಹಲ್ಲು ಕೆತ್ತಿದ ಪುಡಿ ಹೊರಗೆ ಬೀಳುವವರೆಗೂ ಆ ಜಾಗದಲ್ಲೇ ಕೂತಿರಬೇಕು. ಬ್ಲೇಡು ಓಡಾಡುವುದು 19 ಮಿ.ಮೀ. ಮಾತ್ರ ಎಂಬುದನ್ನು ನೆನಪಿಡಿ. ಹಲಗೆ 25 ಮಿ.ಮೀ. ದಪ್ಪವಿದ್ದರೆ, ನಡುಭಾಗದ ಕೆಲವು ಹಲ್ಲುಗಳು ಮೇಲಿನಿಂದಲೂ ಹೊರಬರುವುದಿಲ್ಲ, ಕೆಳಗಿನಿಂದಲೂ ಇಲ್ಲ. ಇಡೀ ಹೊತ್ತು ಮರದೊಳಗೇ ಉಜ್ಜುತ್ತಿರುತ್ತವೆ. ಅಲ್ಲಿ ಪುಡಿಗೆ ಜಾಗ ಸಾಲದಿದ್ದರೆ ಅದು ಒತ್ತಿಕೊಂಡು ಬಿಸಿಯಾಗುತ್ತದೆ, ಮರದ ಅಂಚು ಕಪ್ಪಾಗುತ್ತದೆ, ಬ್ಲೇಡು ಬೇಗ ಮೊಂಡಾಗುತ್ತದೆ. ಅದಕ್ಕೇ ಒಂದು ಬಿಟ್ಟು ಒಂದು ಹಲ್ಲನ್ನು ತೆಗೆದುಹಾಕಿದಂತಿರುವ ಸ್ಕಿಪ್ ಟೂತ್ ಬ್ಲೇಡುಗಳು ಬಂದವು. ಹಲ್ಲು ಕಡಿಮೆ, ಆದರೆ ಕೊಯ್ತ ಸಲೀಸು, ಬಿಸಿಯೂ ಕಡಿಮೆ. ಮರ ಕೊಯ್ಯಲು ಹೊರಟ ಹೊಸಬರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ.

ಇನ್ನೊಂದು ಕಡೆಯ ಮಿತಿಯೂ ಇದೆ. 3 ಮಿ.ಮೀ. ಪ್ಲೈವುಡ್ಡಿಗೆ ಇಂಚಿಗೆ 12 ಹಲ್ಲಿನ ಬ್ಲೇಡು ಹಾಕಿದರೆ ಯಾವ ಕ್ಷಣದಲ್ಲೂ ಮರದೊಳಗೆ ಒಂದೋ ಎರಡೋ ಹಲ್ಲು ಮಾತ್ರ ಇರುತ್ತದೆ. ಆಗ ಹಲಗೆ ಹಲ್ಲಿಗೆ ಸಿಕ್ಕಿಕೊಂಡು ಕುಣಿಯತೊಡಗುತ್ತದೆ. ಕಡಿಮೆಯೆಂದರೂ ಎರಡು ಮೂರು ಹಲ್ಲು ಸದಾ ಹಲಗೆಯ ದಪ್ಪದೊಳಗೆ ಇರಬೇಕು. ಹೀಗಾಗಿ ತೆಳು ಹಲಗೆಗೆ ಒತ್ತು ಹಲ್ಲು, ದಪ್ಪ ಹಲಗೆಗೆ ಬಿಡಿ ಹಲ್ಲು.

ನಂಬರು ದೊಡ್ಡದಾದಂತೆ ಬ್ಲೇಡು ಅಗಲ, ದಪ್ಪ, ಹಲ್ಲು ವಿರಳ. 2ನೇ ನಂಬರಿನದು ಸುಮಾರು 0.7 ಮಿ.ಮೀ. ಅಗಲ, 9ನೇ ನಂಬರಿನದು ಸುಮಾರು 1.3 ಮಿ.ಮೀ. ಸೊನ್ನೆಗಿಂತ ಕೆಳಗಿನವನ್ನು 2/0, 3/0 ಎಂದು ಬರೆಯುತ್ತಾರೆ. ಅಲ್ಲಿ ಮೊದಲ ಅಂಕಿ ಹೆಚ್ಚಿದಷ್ಟೂ ಬ್ಲೇಡು ಸಣ್ಣ. ತಯಾರಕರಿಂದ ತಯಾರಕರಿಗೆ ಅಳತೆಯಲ್ಲಿ ತುಸು ವ್ಯತ್ಯಾಸವಿರುತ್ತದೆ.

ಅಗಲ ಮುಖ್ಯವಾಗುವುದು ತಿರುವಿನಲ್ಲಿ. ಬ್ಲೇಡು ಕೊಯ್ದ ಸೀಳು ಬ್ಲೇಡಿಗಿಂತ ಕೂದಲೆಳೆಯಷ್ಟು ಮಾತ್ರ ಅಗಲವಾಗಿರುತ್ತದೆ. ತಿರುಗುವಾಗ ಬ್ಲೇಡಿನ ಹಿಂಬದಿ ಆ ಸೀಳಿನ ಗೋಡೆಗೆ ತಾಗುತ್ತದೆ. ಬ್ಲೇಡಿಗೂ ಗೋಡೆಗೂ ನಡುವಿನ ಎಡೆ ಅಷ್ಟೇ ಇದ್ದು ಬ್ಲೇಡಿನ ಅಗಲ ಅರ್ಧವಾದರೆ, ಅದು ಸುತ್ತಬಲ್ಲ ವೃತ್ತದ ತ್ರಿಜ್ಯ ಅರ್ಧವಲ್ಲ, ಕಾಲುಭಾಗವಾಗುತ್ತದೆ. ಒಂದೆರಡು ನಂಬರು ಇಳಿದರೆ ತಿರುವಿನಲ್ಲಿ ಅಷ್ಟೊಂದು ವ್ಯತ್ಯಾಸ ಕಾಣುವುದು ಇದರಿಂದಲೇ. ಆದರೆ ಸಣ್ಣ ಬ್ಲೇಡು ನೇರ ಗೆರೆಯಲ್ಲಿ ಅಲೆದಾಡುತ್ತದೆ, ಸ್ವಲ್ಪ ಜೋರಾಗಿ ತಳ್ಳಿದರೂ ತುಂಡಾಗುತ್ತದೆ. 12ರಿಂದ 18 ಮಿ.ಮೀ. ಹಲಗೆಯಲ್ಲಿ ಕೈ ಪಳಗಿಸಿಕೊಳ್ಳುವವರಿಗೆ 5ನೇ ನಂಬರು ಸಾಕು.

ಹಾಗಾದರೆ ತೀರಾ ಸಣ್ಣ ಬ್ಲೇಡು ಯಾರಿಗೆ? ಜೋಡಣೆಯ ಕೆಲಸದವರಿಗೆ. ಫ್ರಾನ್ಸಿನ ಕುಶಲಕರ್ಮಿ ಆಂದ್ರೆ ಶಾರ್ಲ್ ಬೂಲ್ (1642–1732) ಹಿತ್ತಾಳೆ ಮತ್ತು ಆಮೆಚಿಪ್ಪಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೇ ಕೊಯ್ದು, ಒಂದರ ತುಂಡನ್ನು ಇನ್ನೊಂದರ ತೂತಿಗೆ ಕೂರಿಸುತ್ತಿದ್ದರು. ಅಲ್ಲಿ ಎರಡರ ನಡುವೆ ಉಳಿಯುವ ಸಂದು ಎಂದರೆ ಸೀಳಿನ ಅಗಲವೇ. ನಮ್ಮ ಮೈಸೂರಿನ ಇನ್‌ಲೇ ಕುಶಲಕರ್ಮಿಗಳೂ ಬಣ್ಣಬಣ್ಣದ ಮರದ ತುಂಡುಗಳನ್ನು ತೆಳು ಗರಗಸದಿಂದ ಕೊಯ್ದು, ಬೀಟೆ ಹಲಗೆಯಲ್ಲಿ ಅದೇ ಆಕಾರದ ಗುಳಿ ತೋಡಿ ಕೂರಿಸುತ್ತಾರೆ. ಆ ನಾಜೂಕಿನಲ್ಲಿ ಬ್ಲೇಡಿನ ಪಾಲೂ ಇದೆ, ಅದನ್ನು ಹಿಡಿದ ಕೈಯ ಪಾಲು ಮಾತ್ರ ಬಹಳ ದೊಡ್ಡದು.

ಹಲ್ಲುಗಳ ಮೊನೆ ಕೆಳಮುಖವಾಗಿರಬೇಕು. ಆಗ ಪ್ರತಿ ಕೊಯ್ತವೂ ಹಲಗೆಯನ್ನು ಮೇಜಿಗೆ ಒತ್ತಿ ಹಿಡಿಯುತ್ತದೆ. ಆದರೆ ಹಲ್ಲು ಕೆಳಗೆ ಹೊರಬರುವಾಗ ತಳದ ನಾರನ್ನು ಕಿತ್ತುಕೊಂಡು ಹೋಗಿ ಸಿಬಿರು ಎಬ್ಬಿಸುತ್ತದೆ. ಪ್ಲೈವುಡ್ಡಿನಲ್ಲಿ ಇದು ಎದ್ದು ಕಾಣುತ್ತದೆ. ರಿವರ್ಸ್ ಟೂತ್ ಬ್ಲೇಡಿನಲ್ಲಿ ಕೆಳತುದಿಯ ಕೆಲವು ಹಲ್ಲುಗಳು ಮೇಲ್ಮುಖವಾಗಿದ್ದು, ಏರುವಾಗ ಆ ಸಿಬಿರನ್ನು ಕತ್ತರಿಸಿಹಾಕುತ್ತವೆ. ಆಮೇಲೆ ಉಜ್ಜಿ ನಯ ಮಾಡುವ ಕೆಲಸ ಎಷ್ಟೋ ಕಡಿಮೆಯಾಗುತ್ತದೆ.

ಸುರುಳಿಯಾಗಿ ತಿರುಚಿದ ಸ್ಪೈರಲ್ ಬ್ಲೇಡು ಸುತ್ತಲೂ ಹಲ್ಲಿರುವುದರಿಂದ ಯಾವ ಕಡೆಗಾದರೂ ಕೊಯ್ಯುತ್ತದೆ, ಹಲಗೆ ತಿರುಗಿಸಲೇಬೇಕಿಲ್ಲ. ಕೇಳಲು ಚೆಂದ. ಆದರೆ ಸೀಳು ಅಗಲ, ಅಂಚು ಒರಟು, ಮರದ ಎಳೆ ಕರೆದ ಕಡೆಗೆ ಬ್ಲೇಡು ಓಡುತ್ತದೆ. ಕೈ ಪಳಗುವ ತನಕ ಅದನ್ನು ದೂರವಿಡಿ.

ಕೊಳ್ಳುವ ಮೊದಲು ನಿಮ್ಮ ಯಂತ್ರದ ಹಿಡಿಕೆ ನೋಡಿಕೊಳ್ಳಿ. ಕೆಲವು ಯಂತ್ರಗಳು ತುದಿಯಲ್ಲಿ ಅಡ್ಡ ಪಿನ್ ಇರುವ ಬ್ಲೇಡನ್ನಷ್ಟೇ ಹಿಡಿಯುತ್ತವೆ. ಹಾಕುವುದು ಸುಲಭ, ಆದರೆ ಚಿತ್ರದ ಒಳಭಾಗ ಕೊಯ್ಯಲು ಮೊದಲು ತೂತು ಕೊರೆದು ಬ್ಲೇಡು ತೂರಿಸಬೇಕಲ್ಲ, ಆ ತೂತು ಪಿನ್ ಹಾಯುವಷ್ಟು ದೊಡ್ಡದಾಗಬೇಕು. ಪಿನ್ ಇಲ್ಲದ ಬ್ಲೇಡಿಗೆ ಒಂದೆರಡು ಮಿ.ಮೀ. ತೂತು ಸಾಕು. ಜಾಲಂದರದಂಥ ಸೂಕ್ಷ್ಮ ಕೆಲಸದ ಆಸೆಯಿದ್ದರೆ ಎರಡನೆಯದನ್ನು ಹಿಡಿಯುವ ಯಂತ್ರವೇ ಬೇಕು.

ಬ್ಲೇಡು ಗೆರೆ ಬಿಟ್ಟು, ಸಾಮಾನ್ಯವಾಗಿ ಬಲಕ್ಕೆ, ಎಳೆದರೆ ಗಾಬರಿ ಬೇಡ. ತಯಾರಿಕೆಯಲ್ಲಿ ಹಲ್ಲು ಕತ್ತರಿಸುವಾಗ ಒಂದು ಬದಿಯಲ್ಲಿ ಲೋಹದ ಸಣ್ಣ ಅಂಚು ಎದ್ದು ಉಳಿದಿರುತ್ತದೆ, ಆ ಬದಿ ಹೆಚ್ಚು ಕೊಯ್ಯುತ್ತದೆ. ಹಲಗೆಯನ್ನು ತುಸು ಓರೆಯಾಗಿಸಿ ತಳ್ಳುವುದು ಬೇಗ ರೂಢಿಯಾಗುತ್ತದೆ. ಬಿಗಿತ ಮಾತ್ರ ಸರಿಯಾಗಿರಲಿ: ಬೆರಳಿನಿಂದ ಮೀಟಿದರೆ ಸ್ಪಷ್ಟ ನಾದ ಬರಬೇಕು, ಮಂಕಾದ ಸದ್ದಲ್ಲ.

ಬ್ಲೇಡಿನ ಆಯುಸ್ಸು ಕಡಿಮೆ. ತೇಗದಲ್ಲಿರುವ ಸಿಲಿಕಾ, ಪ್ಲೈವುಡ್ಡಿನ ಅಂಟು ಅದನ್ನು ಇನ್ನೂ ಬೇಗ ಸವೆಸುತ್ತವೆ. ತಳ್ಳಲು ಬಲ ಬೇಕೆನಿಸಿದರೆ ಬದಲಿಸಿ. ತೆಳು ಹಲಗೆ ಕೊಯ್ಯುವಾಗ ಕೆಲಸ ಮಾಡುವುದು ಬ್ಲೇಡಿನ ಒಂದು ಸಣ್ಣ ಭಾಗ ಮಾತ್ರ, ಉಳಿದ ಹಲ್ಲುಗಳು ಹೊಸದಾಗಿಯೇ ಇರುತ್ತವೆ. ಅಡಿಯಲ್ಲಿ ಇನ್ನೊಂದು ಬೇಡದ ಹಲಗೆ ಇಟ್ಟು ಎತ್ತರಿಸಿದರೆ ಆ ಹಲ್ಲುಗಳೂ ಬಳಕೆಗೆ ಬರುತ್ತವೆ. ರಿವರ್ಸ್ ಟೂತ್ ಬ್ಲೇಡಿಗೆ ಈ ಉಪಾಯ ಒಗ್ಗದು. ಅದರ ಮೇಲ್ಮುಖ ಹಲ್ಲುಗಳು ಏರುವುದು ಮೇಜಿನ ಮಟ್ಟಕ್ಕಿಂತ ತುಸುವೇ ಮೇಲಕ್ಕೆ, ಎತ್ತರಿಸಿದ ಹಲಗೆಯ ತಳ ಅವಕ್ಕೆ ಸಿಗುವುದಿಲ್ಲ.