ಥಂಡಿಗೆ ಕಟ್ಟಿದ ಗಡ್ಡಿ

ಕಲಬುರಗಿಯ ಖೂಬಾ ಪ್ಲಾಟಿನ ನಮ್ಮ ಮನೆಯ ಹಿಂದೆ, ನೀರಿನ ಹೌದಿಗೂ ಕಾಂಪೌಂಡಿಗೂ ನಡುವೆ ಒಂದು ಹೊರಸು ಹಾಕುವಷ್ಟು ಜಾಗ. ಥಂಡಿಯ ಮುಂಜಾನೆ, ಆಲೂಗಡ್ಡಿಯ ಎಲೆಗಳ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ನಾಳೆ ಎಳ್ಳಮವಾಸ್ಯೆ. ಅವ್ವ ತಲೆಗೆ ಶಾಲು ಸುತ್ತಿಕೊಂಡು ಸಾಲಿನ ಬದಿಗೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಕುರ್ಪಿ ಮುಟ್ಟುವುದಿಲ್ಲ, ಬರಿಗೈ.

ನಮ್ಮ ಕಡೆಯ ಎರೆ ಮಣ್ಣು ತೊಗರಿಗೆ ತಾಯಿ, ಆಲೂಗೆ ಅಲ್ಲ. ನೆನೆದರೆ ಅಂಟು, ಒಣಗಿದರೆ ಬಿರುಕು. ಗಡ್ಡೆ ಉಬ್ಬಲು ಜಾಗ ಕೊಡದು. ಅದಕ್ಕೇ ಅವ್ವ ಕಮಲಾಪುರದಿಂದ ನಾಲ್ಕು ಚೀಲ ಕೆಂಪು ಮಣ್ಣು ತರಿಸಿ, ಹಳೆಯ ಸಗಣಿ ಗೊಬ್ಬರ ಕಲಸಿ ಈ ಮಡಿ ಕಟ್ಟಿದಳು. ಕಮಲಾಪುರದ ಹೆಸರಾಂತ ಕೆಂಪು ಬಾಳೆ ಬೆಳೆಯುವುದು ಆ ಮಣ್ಣಲ್ಲೇ. ದಸರಾ ಮುಗಿದ ಮೇಲೆ, ಬುಟ್ಟಿಯಲ್ಲಿ ಮೊಳಕೆ ಬಂದ ಗಡ್ಡೆಗಳನ್ನು ಎರಡೆರಡು ಕಣ್ಣು ಉಳಿಯುವಂತೆ ಕೊಯ್ದು, ಬೂದಿ ಸವರಿ, ನೆರಳಲ್ಲಿ ಗಾಯ ಆರಿಸಿ, ಗೇಣಿಗೊಂದರಂತೆ ಊರಿದ್ದಳು.

ಒಂದು ವರ್ಷ ನಾನು ಸಂಕ್ರಾಂತಿ ಕಳೆದ ಮೇಲೆ ಊರಿದ್ದೆ. ಸೊಪ್ಪು ಸೊಂಪಾಗಿ ಎದ್ದಿತು. ಅಗೆದರೆ ಗೋಲಿಯಷ್ಟು ಗಡ್ಡೆಗಳು. ಅಂದು ತಿಳಿಯಿತು: ಆಲೂಗೆ ಬೇಕಾದದ್ದು ರಾತ್ರಿಯ ತಂಪು. ಇರುಳು 20 ಡಿಗ್ರಿ ದಾಟಿದರೆ ಗಿಡ ತನ್ನ ಕಸುವನ್ನೆಲ್ಲ ಎಲೆ-ಕಾಂಡಕ್ಕೇ ಹಾಕುತ್ತದೆ, ನೆಲದೊಳಗೆ ಇಳಿಸುವುದಿಲ್ಲ. ಹಾಸನದ ರೈತರು ಮುಂಗಾರಿನಲ್ಲೇ ಬಿತ್ತುತ್ತಾರೆ. ಅವರ ನೆಲ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಕಲಬುರಗಿ ಸುಮಾರು 450 ಮೀಟರಿನಲ್ಲಿದೆ, ಬೇಸಿಗೆಗೆ 40 ಡಿಗ್ರಿ ದಾಟುವ ಊರು. ನಮಗೆ ಸಿಗುವುದು ನವೆಂಬರಿನಿಂದ ಜನವರಿವರೆಗಿನ ಮೂರು ತಿಂಗಳ ಇರುಳುಗಳು, ಅಷ್ಟೇ. ಆ ಇರುಳುಗಳನ್ನು ಅವ್ವ ಒಂದೊಂದಾಗಿ ಎಣಿಸುತ್ತಾಳೆ.

ಗಿಡ ಗೇಣುದ್ದ ಆದಾಗ ಬುಡಕ್ಕೆ ಮಣ್ಣು ಏರಿಸಿದ್ದಳು. ಆಲೂಗಡ್ಡೆ ಬೇರಲ್ಲ, ನೆಲದೊಳಗೆ ಉಬ್ಬಿದ ಕಾಂಡ. ಬೆಳಕು ತಾಕಿದರೆ ಹಸಿರಾಗಿ ನಂಜೇರುತ್ತದೆ. ಬೇಳೆ ತೊಳೆದ ನೀರೂ ಈ ಮಡಿಗೇ.

"ಸಾವಕಾಶ. ಗಿಡಕ್ಕ ಗೊತ್ತಾಗಬಾರ್ದು. ಇನ್ನಾ ತಿಂಗಳು ಬೆಳಿಬೇಕು ಅದು," ಎನ್ನುತ್ತ ಅವ್ವ ಮಣ್ಣಿನೊಳಗೆ ಬೆರಳು ಇಳಿಸುತ್ತಾಳೆ. ಕಣ್ಣು ಮುಚ್ಚುತ್ತಾಳೆ. ಕೈ ಹೊರಬಂದಾಗ ಅಂಗೈಯಲ್ಲಿ ಲಿಂಬೆಹಣ್ಣಿನಷ್ಟು ಒಂದು ಗಡ್ಡಿ, ಹೆಬ್ಬೆರಳು ಒತ್ತಿದರೆ ಸುಲಿಯುವ ಸಿಪ್ಪೆ. ಪಕ್ಕದ ಬುಡದಿಂದ ಇನ್ನೊಂದು. ಹೀಗೆ ಆರು. ತೆಗೆದ ಕುಳಿಗಳನ್ನು ಮತ್ತೆ ಮುಚ್ಚಿ, ಅಂಗೈಯಿಂದ ತಟ್ಟುತ್ತಾಳೆ.

ಮರುದಿನ ಹಸಿ ತೊಗರಿಕಾಳು, ಕಡಲೆ, ಮೆಂತ್ಯದ ಜೊತೆ ಆ ಆರೂ ಭಜ್ಜಿಯಲ್ಲಿ ಕುದಿಯುತ್ತವೆ. ಸಜ್ಜಿ ರೊಟ್ಟಿ ಬಟ್ಟೆಯಲ್ಲಿ ಸುತ್ತಿಟ್ಟಿದೆ. ಹಬ್ಬದ ಅಡುಗೆಯನ್ನು ಭೂತಾಯಿಗೆ ಚರಗವಾಗಿ ಚೆಲ್ಲಲು ನಮಗೀಗ ಹೊಲವಿಲ್ಲ. ಅವ್ವ ಗಂಗಾಳ ಹಿಡಿದು ಹಿತ್ತಲಿಗೆ ಬರುತ್ತಾಳೆ, ಮಡಿಯ ನಾಲ್ಕೂ ಮೂಲೆಗೆ ಒಂದೊಂದು ತುತ್ತು ಎರಚಿ, ಸೆರಗು ತಲೆಗೆಳೆದುಕೊಂಡು ನೆಲ ಮುಟ್ಟುತ್ತಾಳೆ.