ಹೆಗಲ ಮೇಲಿನ ನಕ್ಷತ್ರಗಳು

ನಮ್ಮ ಕಳಸ, ಮೂಡಿಗೆರೆಗಳ ಕಡೆ ಸೈನ್ಯಕ್ಕೆ ಸೇರಿದವರೆಲ್ಲರನ್ನೂ 'ಮಿಲಿಟರಿಯವರು' ಎಂದು ಕರೆಯುವುದು ರೂಢಿ. ಆದರೆ ಅವರಲ್ಲಿ ದರ್ಜೆಗಳು ಹಲವು. ಸಮವಸ್ತ್ರದ ತೋಳನ್ನೂ ಹೆಗಲನ್ನೂ ನೋಡಿ ಅವನ್ನು ಗುರುತಿಸಬಹುದು.

ಭೂದಳದಲ್ಲಿ ತೋಳಿನ ಮೇಲೆ ಒಂದು ಪಟ್ಟಿಯಿದ್ದರೆ ಲ್ಯಾನ್ಸ್ ನಾಯಕ್, ಎರಡಿದ್ದರೆ ನಾಯಕ್, ಮೂರಿದ್ದರೆ ಹವಾಲ್ದಾರ್. ಅಧಿಕಾರಿಗಳ ಗುರುತು ಹೆಗಲ ಮೇಲೆ. ಎರಡು ನಕ್ಷತ್ರಗಳಿದ್ದರೆ ಲೆಫ್ಟಿನೆಂಟ್, ಮೂರಿದ್ದರೆ ಕ್ಯಾಪ್ಟನ್. ಅಶೋಕ ಸಿಂಹಲಾಂಛನವೊಂದೇ ಇದ್ದರೆ ಮೇಜರ್. ಅದಕ್ಕೆ ಒಂದು ನಕ್ಷತ್ರ ಸೇರಿದರೆ ಲೆಫ್ಟಿನೆಂಟ್ ಕರ್ನಲ್, ಎರಡು ಸೇರಿದರೆ ಕರ್ನಲ್, ಮೂರು ಸೇರಿದರೆ ಬ್ರಿಗೇಡಿಯರ್. ಜನರಲ್‌ಗಳಿಗೆ ಕತ್ತರಿಯಾಕಾರದಲ್ಲಿ ಜೋಡಿಸಿದ ಕತ್ತಿಯೂ ದಂಡವೂ ಉಂಟು.

ಈ ಏರ್ಪಾಡು ಬ್ರಿಟಿಷರಿಂದ ಬಂದದ್ದು. ಅವರ ಸೈನ್ಯದಲ್ಲಿ ಮೇಜರನ ಗುರುತು ರಾಜಕಿರೀಟ. 1950ರಲ್ಲಿ ನಾವು ಗಣರಾಜ್ಯವಾದಾಗ ಕಿರೀಟದ ಸ್ಥಾನಕ್ಕೆ ಸಿಂಹಗಳು ಬಂದವು. ಪಾಕಿಸ್ತಾನದಲ್ಲಿ ಚಂದ್ರ ಮತ್ತು ತಾರೆ ಬಂದವು. ದರ್ಜೆಗಳ ಹೆಸರು ಬಹುಮಟ್ಟಿಗೆ ಹಾಗೆಯೇ ಉಳಿದವು.

ಹೆಸರು ಒಂದೇ ಆದರೂ ದರ್ಜೆ ಒಂದೇ ಆಗಬೇಕೆಂದಿಲ್ಲ. ನೌಕಾದಳದ ಕ್ಯಾಪ್ಟನ್ ಭೂದಳದ ಕರ್ನಲನಿಗೆ ಸಮಾನ. ವಾಯುದಳದಲ್ಲಿ ಅದೇ ಸ್ಥಾನ ಗ್ರೂಪ್ ಕ್ಯಾಪ್ಟನ್ನರದು. ಕೊಡಗಿನ ಕೆ. ಎಂ. ಕಾರ್ಯಪ್ಪನವರು 1949ರ ಜನವರಿ 15ರಂದು ಭೂದಳದ ಪ್ರಥಮ ಭಾರತೀಯ ಮಹಾದಂಡನಾಯಕರಾದರು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದರು. ಅವರ ಪುತ್ರ ಕೆ. ಸಿ. ಕಾರ್ಯಪ್ಪನವರು 1965ರ ಯುದ್ಧದಲ್ಲಿ ಸೆರೆಯಾದಾಗ ವಾಯುದಳದ ಫ್ಲೈಟ್ ಲೆಫ್ಟಿನೆಂಟ್. ಹೆಸರಿನಲ್ಲಿ ಲೆಫ್ಟಿನೆಂಟ್ ಎಂದಿದ್ದರೂ ಅದು ಭೂದಳದ ಕ್ಯಾಪ್ಟನ್ನನ ದರ್ಜೆ. ಮುಂದೆ ಅವರು ಏರ್ ಮಾರ್ಷಲ್ ಆದರು. ಅದು ಲೆಫ್ಟಿನೆಂಟ್ ಜನರಲ್ಲಿಗೆ ಸಮ.

ಇನ್ನೊಂದು ಮಾತನ್ನು ನಮ್ಮಂಥ ವಿದ್ಯಾರ್ಥಿಗಳು ವಿಶೇಷವಾಗಿ ಅರಿಯಬೇಕು. ಸುಬೇದಾರರ ಹೆಗಲಲ್ಲಿಯೂ ಎರಡು ನಕ್ಷತ್ರಗಳಿವೆ. ಜತೆಗೆ ಬಣ್ಣದ ಅಡ್ಡಪಟ್ಟಿಯೊಂದು ಇರುತ್ತದೆ. ಸಿಪಾಯಿಯಾಗಿ ಸೇರಿದವರು ಆ ಎರಡು ನಕ್ಷತ್ರಗಳಿಗೆ ಬಹುವರ್ಷ ದುಡಿಯಬೇಕು. ಪದವೀಧರ ತರುಣನಾದರೋ ಪರೀಕ್ಷೆ, ಸಂದರ್ಶನಗಳಲ್ಲಿ ಗೆದ್ದು, ಡೆಹರಾಡೂನಿನಲ್ಲಿ ಒಂದೂವರೆ ವರ್ಷ ತರಬೇತಿ ಮುಗಿಸಿದರೆ, ಲೆಫ್ಟಿನೆಂಟನಾಗಿ ಎರಡು ನಕ್ಷತ್ರಗಳೊಡನೆಯೇ ಸೇವೆ ಆರಂಭಿಸುತ್ತಾನೆ. ದರ್ಜೆಯಲ್ಲಿ ಅವನೇ ಮೇಲು. ಆದರೂ ಸುಬೇದಾರರನ್ನು ಅವನು 'ಸಾಹೇಬ್' ಎಂದೇ ಸಂಬೋಧಿಸಬೇಕು. ಅದು ಅನುಭವಕ್ಕೆ ಸಲ್ಲುವ ಮರ್ಯಾದೆ.

ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆಯಲಿರುವ ನಾವು ಈ ಅವಕಾಶವನ್ನೂ ಈ ಮರ್ಯಾದೆಯನ್ನೂ ಒಟ್ಟಿಗೇ ತಿಳಿದಿರುವುದು ಒಳ್ಳೆಯದು.