ಮೊಬೈಲ್‌ನಲ್ಲೇ ಚಿತ್ರ ಬಿಡಿಸೋದು ಕಲಿಯಬಹುದಾ? ಕೆಜಿಎಫ್, ಬಂಗಾರಪೇಟೆ ಹುಡುಗರಿಗೂ ಅಂಗಡಿಯವರಿಗೂ ಒಂದಿಷ್ಟು ಮಾಹಿತಿ

ಕೆಜಿಎಫ್: ಆಟೊ, ಕಾರಿನ ಹಿಂದಿನ ಗಾಜಿನ ಮೇಲೆ ಕೇಸರಿ-ಕಪ್ಪು ಬಣ್ಣದ, ಹುಬ್ಬು ಗಂಟಿಕ್ಕಿದ ಹನುಮಂತನ ಸ್ಟಿಕ್ಕರ್ ನೋಡದವರು ನಮ್ಮ ಕಡೆ ಯಾರಿದ್ದಾರೆ? ಅದನ್ನು ಕಂಪ್ಯೂಟರ್‌ನಲ್ಲಿ ಬಿಡಿಸಿದವರು ಕಾಸರಗೋಡು ಜಿಲ್ಲೆಯ ಕರಣ್ ಆಚಾರ್ಯ. 2015ರಲ್ಲಿ ಊರಿನ ಯುವಕರು ಧ್ವಜಕ್ಕೊಂದು ಚಿತ್ರ ಬೇಕು ಅಂದಿದ್ದಕ್ಕೆ ಮಾಡಿಕೊಟ್ಟದ್ದು ಅದು. ಆಮೇಲೆ ದೇಶವನ್ನೇ ಸುತ್ತಿತು.

ನಮ್ಮಲ್ಲೂ ಚಿತ್ರ ಬಿಡಿಸುವ ಕೈಗಳಿಗೆ ಬರ ಇಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆ ಅಂಗಡಿಗಳ ಬೋರ್ಡ್‌ಗಳನ್ನು ಒಂದು ಕಾಲದಲ್ಲಿ ಬ್ರಷ್‌ನಲ್ಲೇ ಬರೆಯುತ್ತಿದ್ದರು. ಫ್ಲೆಕ್ಸ್ ಬಂತು, ಬ್ರಷ್ ಮೂಲೆ ಸೇರಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲಂತೂ ದುಡಿಮೆ ಅಂದರೆ ಬೆಳಗಿನ ಜಾವದ ಬೆಂಗಳೂರು ರೈಲು ಅನ್ನುವಂತಾಗಿದೆ. ಡಿಜಿಟಲ್ ಪೇಂಟಿಂಗ್ ಎಲ್ಲರಿಗೂ ಅನ್ನ ಹಾಕುತ್ತೆ ಅಂತ ಯಾರೂ ಹೇಳೋಕಾಗಲ್ಲ. ಆದರೆ ಊರಲ್ಲೇ ಕೂತು ಮಾಡಬಹುದಾದ ಕೆಲಸಗಳಲ್ಲಿ ಇದೂ ಒಂದು.

ಶುರು ಮಾಡೋಕೆ ಏನು ಬೇಕು?

ಕೈಯಲ್ಲಿರುವ ಮೊಬೈಲ್ ಸಾಕು. ಐಬಿಸ್ ಪೇಂಟ್ ಆ್ಯಪ್ ಉಚಿತ, ನಡುವೆ ಜಾಹೀರಾತು ಬರುತ್ತೆ ಅಷ್ಟೆ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ ಕ್ರಿಟಾ ಹಾಕಿಕೊಳ್ಳಿ, ಅದಕ್ಕೂ ಕಾಸಿಲ್ಲ. ಪೆನ್ ಟ್ಯಾಬ್ಲೆಟ್‌ಗೆ ಕೆಲವು ಸಾವಿರ ಬೇಕು; ಮೂರು ತಿಂಗಳು ಬೆರಳಲ್ಲೇ ಬಿಡಿಸಿ ನೋಡಿ, ಆಸೆ ಉಳಿದರೆ ಆಮೇಲೆ ಕೊಳ್ಳಿ.

ಮೊದಲು ಬಣ್ಣ ಬಿಡಿ

ಹೊಸಬರು ಎಡವೋದು ಇಲ್ಲೇ. ಆ್ಯಪ್ ತೆರೆದ ಕೂಡಲೇ ನೂರಾರು ಬ್ರಷ್, ಲಕ್ಷಾಂತರ ಬಣ್ಣ. ಎಲ್ಲವನ್ನೂ ಒತ್ತಿ ಒತ್ತಿ ಕೊನೆಗೆ ಚಿತ್ರ ಕೆಸರಾಗುತ್ತೆ. ಮೊದಲ ತಿಂಗಳು ಒಂದೇ ಬ್ರಷ್, ಮೂರೇ ಬಣ್ಣ: ಕಪ್ಪು, ಬೂದು, ಬಿಳಿ.

ಸೈನೈಡ್ ದಿಬ್ಬವನ್ನೇ ತಗೊಳ್ಳಿ. ಬೆಳಿಗ್ಗೆ ಏಳಕ್ಕೆ ಒಂದು ಮಗ್ಗುಲು ಬೆಳಕು, ಇನ್ನೊಂದು ಮಗ್ಗುಲು ಕತ್ತಲು. ಮಳೆ ಕೊರೆದ ಗೆರೆಗಳೆಲ್ಲ ಎದ್ದು ಕಾಣುತ್ತವೆ. ನಡುಮಧ್ಯಾಹ್ನ ಅದೇ ದಿಬ್ಬ ಚಪ್ಪಟೆ. ಎರಡನ್ನೂ ಬಿಡಿಸಿ ಪಕ್ಕಪಕ್ಕ ಇಟ್ಟು ನೋಡಿ. ಕಣ್ಣು ಅರೆ ಮುಚ್ಚಿಕೊಂಡು ನೋಡಿದರೆ ಸಣ್ಣಪುಟ್ಟ ವಿವರ ಮಾಯವಾಗಿ ಬೆಳಕು-ನೆರಳಷ್ಟೇ ಉಳಿಯುತ್ತೆ. ಇದು ಎಣ್ಣೆಬಣ್ಣದ ಕಾಲದ ಉಪಾಯ, ಮೊಬೈಲ್‌ಗೂ ಅದೇ.

ಇನ್ನೂ ಕಷ್ಟದ್ದು ಬೇಕಾ? ಬಂಗಾರಪೇಟೆ ಪಾನಿಪುರಿ ಬಿಡಿಸಿ. ಪಾನಿಗೆ ಬಣ್ಣವೇ ಇಲ್ಲ, ನೀರಿನ ಹಾಗೇ ಇರುತ್ತೆ. ಬಣ್ಣ ಇಲ್ಲದ್ದನ್ನು ತೋರಿಸೋದು ಹೇಗೆ? ಅಂಚಿನಲ್ಲಿ ಒಂದು ಬಿಳಿ ಚುಕ್ಕಿ, ಕೆಳಗೆ ಸಣ್ಣ ನೆರಳು. ಅದು ಸರಿಬಿದ್ದ ದಿನ ನಿಮ್ಮ ಕಣ್ಣು ಪಳಗಿದೆ ಅಂತ ಲೆಕ್ಕ.

ಲೇಯರ್ ಅಂದ್ರೆ?

ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು ಅಂದುಕೊಳ್ಳಿ. ಕೆಳಗಿನದರಲ್ಲಿ ಗೆರೆ, ಮೇಲಿನದರಲ್ಲಿ ಬಣ್ಣ. ಬಣ್ಣ ಕೆಟ್ಟರೆ ಆ ಹಾಳೆ ಮಾತ್ರ ಅಳಿಸಿ, ಗೆರೆ ಹಾಗೇ ಇರುತ್ತೆ. ಶುರುವಿಗೆ ಮೂರು ಲೇಯರ್ ಧಾರಾಳ.

ಅಂಗಡಿ ಕೆಲಸ ಒಪ್ಪಿಕೊಂಡರೆ

ಅಳತೆ ಮೊದಲು ಕೇಳಿ. ಮೂರೂವರೆ ಇಂಚು ಅಗಲ, ಎರಡು ಇಂಚು ಎತ್ತರದ ವಿಸಿಟಿಂಗ್ ಕಾರ್ಡ್‌ಗೆ ಇಂಚಿಗೆ 300 ಚುಕ್ಕಿಯಂತೆ 1050×600 ಪಿಕ್ಸೆಲ್ ಸಾಕು. ಎಂಟಡಿ-ನಾಲ್ಕಡಿ ಬೋರ್ಡನ್ನು ದೂರದಿಂದ ನೋಡುವುದರಿಂದ ಇಂಚಿಗೆ 72 ನಡೆಯುತ್ತೆ. ಆದರೂ 6912×3456 ಪಿಕ್ಸೆಲ್ ಆಗುತ್ತೆ. ಕಾರ್ಡ್‌ಗೆ ಮಾಡಿದ ಚಿತ್ರವನ್ನೇ ಹಿಗ್ಗಿಸಿದರೆ ಒಡೆದು ಕಾಣುತ್ತೆ. ಲೋಗೊ ಆದರೆ ಇಂಕ್‌ಸ್ಕೇಪ್‌ನಂಥ ವೆಕ್ಟರ್ ಸಾಫ್ಟ್‌ವೇರ್‌ನಲ್ಲಿ ಮಾಡಿ, ಎಷ್ಟು ಹಿಗ್ಗಿಸಿದರೂ ಒಡೆಯಲ್ಲ. ಆ ಹನುಮಂತನೂ ವೆಕ್ಟರ್ ಚಿತ್ರವೇ. ಅದಕ್ಕೇ ಧ್ವಜಕ್ಕೂ ಸರಿ, ಸ್ಟಿಕ್ಕರ್‌ಗೂ ಸರಿ. ಇನ್ನೊಂದು ವಿಷಯ, ಮೊಬೈಲ್‌ನಲ್ಲಿ ಮಿಂಚುವ ಹಸಿರು, ನೀಲಿ ಪ್ರಿಂಟ್‌ನಲ್ಲಿ ಮಂಕಾಗುತ್ತೆ. ಮೊದಲು ಸಣ್ಣ ತುಂಡು ಪ್ರಿಂಟ್ ತೆಗೆಸಿ ನೋಡಿ.

ಅಕ್ಷರ ಕಲಿಯಿರಿ

ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದಿದೆ. ಅಂದರೆ ಕನ್ನಡ ಅಕ್ಷರ ಚೆನ್ನಾಗಿ ಬರೆಯುವವರಿಗೆ ಕೆಲಸವಿದೆ. ಎಷ್ಟೋ ಫ್ಲೆಕ್ಸ್‌ಗಳಲ್ಲಿ ಒತ್ತಕ್ಷರ ಕಿತ್ತುಹೋಗಿ ಅಂಗಡಿ ಹೆಸರೇ ಬದಲಾಗಿರುತ್ತೆ. ನಿಮ್ಮ ಬೀದಿಯಲ್ಲಿ ಹಳೇ ಬೋರ್ಡ್ ಪೇಂಟರ್ ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. 'ಕ್ಷ' ಎಲ್ಲಿ ದಪ್ಪ, ಎಲ್ಲಿ ತೆಳು, ಎರಡು ಅಕ್ಷರದ ನಡುವೆ ಎಷ್ಟು ಜಾಗ ಅನ್ನೋದು ಅವರ ಕೈಗೆ ಗೊತ್ತು. ಆ್ಯಪ್‌ನಲ್ಲಿ ಅದು ಸಿಗಲ್ಲ.

ಎಷ್ಟು ದಿನ ಬೇಕು?

ವಾರಕ್ಕೊಮ್ಮೆ ಐದು ಗಂಟೆಗಿಂತ ದಿನಕ್ಕೆ ಅರ್ಧ ಗಂಟೆ ಮೇಲು. ಬೆಂಗಳೂರಿಗೆ ಓಡಾಡುವವರಿಗೆ ರೈಲಿನಲ್ಲೇ ಎರಡು ಗಂಟೆಗೂ ಹೆಚ್ಚು ಸಿಗುತ್ತೆ, ಸೀಟ್ ಸಿಕ್ಕರೆ! ಎದುರು ಕೂತು ತೂಕಡಿಸುವವರಿಗಿಂತ ಒಳ್ಳೆ ಮಾಡೆಲ್ ಇಲ್ಲ. ಮುಖ ಗುರುತು ಸಿಗದ ಹಾಗೆ ಬಿಡಿಸಿ, ಯಾರದೇ ಆದರೂ ಕೇಳದೆ ಸ್ಟೇಟಸ್‌ಗೆ ಹಾಕಬೇಡಿ. ಪ್ರತಿ ಚಿತ್ರಕ್ಕೂ ತಾರೀಕು ಹಾಕಿಡಿ. ಆರು ತಿಂಗಳಾದ ಮೇಲೆ ಮೊದಲನೆಯದು ತೆಗೆದು ನೋಡಿದರೆ ಎಷ್ಟು ಮುಂದೆ ಬಂದಿದ್ದೀರಿ ಅಂತ ನಿಮಗೇ ತಿಳಿಯುತ್ತೆ.

ಅಂಗಡಿಯವರಿಗೂ ಒಂದು ಮಾತು: ಗೂಗಲ್‌ನಿಂದ ಎತ್ತಿದ ಚಿತ್ರ ಹತ್ತು ಅಂಗಡಿ ಮೇಲಿರುತ್ತೆ. ಮುಂದಿನ ಸಲ ಬೋರ್ಡ್ ಬದಲಿಸುವಾಗ ನಮ್ಮೂರ ಹುಡುಗ, ಹುಡುಗಿಗೆ ಒಂದು ಚಿತ್ರ ಹೇಳಿ ನೋಡಿ. ದುಡ್ಡು ಕೊಟ್ಟೇ ಬಿಡಿಸಿಕೊಳ್ಳಿ.